ಹೂವಿನ ಜೊತೆಯ ನಾರು

2015ರಲ್ಲಿ ಬೊಮ್ಮಸಂದ್ರದ ಕಡೆಯ ಒಂದು ಗುತ್ತಿಗೆ ಸಂಶೋಧನಾ ಲ್ಯಾಬಿಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ನಾರು. "ಹೂವು ನಾವು ಮಾಡ್ತೀವಿ, ನೀನು ನಾರು ಹೊಸಿ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅಂತ ಗಾದೆಯೇ ಇದೆಯಲ್ಲ" ಎಂದು ನಮ್ಮ ಗುಂಪಿನ ಹಿರಿಯರು ನಕ್ಕಿದ್ದರು.

ಹೂವು ಎರಡು. ಒಂದು, ರೋಗ ತರುವ ಪ್ರೋಟೀನನ್ನು ಹಿಡಿಯುವ ಅಣು. ಇನ್ನೊಂದು, ಇ3 ಲೈಗೇಸ್ ಎಂಬ ಕಿಣ್ವವನ್ನು ಹಿಡಿಯುವ ಅಣು. ಆ ಕಿಣ್ವ ಹತ್ತಿರ ಬಂದರೆ ಪ್ರೋಟೀನಿಗೆ ಯುಬಿಕ್ವಿಟಿನ್ ಚೀಟಿ ಬೀಳುತ್ತದೆ; ಚೀಟಿ ಬಿದ್ದದ್ದನ್ನು ಜೀವಕೋಶ ತಾನೇ ಚೂರು ಮಾಡುತ್ತದೆ. ಎರಡನ್ನೂ ಪೋಣಿಸುವ ಲಿಂಕರ್ ನನ್ನ ಕೆಲಸ. ಪೋಣಿಸಿದ್ದಕ್ಕೆ ಪ್ರೊಟ್ಯಾಕ್ ಎಂದು ಹೆಸರು. ಕ್ರೇಗ್ ಕ್ರೂಸ್, ರೇ ಡೆಶೇಯ್ಸ್ ಮತ್ತು ಸಂಗಡಿಗರು ಇದನ್ನು 2001ರಲ್ಲೇ ತೋರಿಸಿದ್ದರು. ಆದರೆ ಮೊದಲ ಅಣುವಿನಲ್ಲಿ ಪೆಪ್ಟೈಡ್ ತುಂಡಿತ್ತು, ಮಾತ್ರೆಯಾಗುವ ಜಾತಿಯಲ್ಲ. ನಾನು ಸೇರಿದ ವರ್ಷವೇ ಡಿಬೆಟ್1, ಎಂಜೆಡ್1 ಎಂಬ ಹೊಸ ಅಣುಗಳು ಬಂದು ಎಲ್ಲರಿಗೂ ಪ್ರೊಟ್ಯಾಕ್ ಬೇಕಾಯಿತು.

ಆಗ ನಾರೆಂದರೆ ಹೆಚ್ಚಾಗಿ ಪೆಗ್: ಎರಡು ಕಾರ್ಬನ್, ಒಂದು ಆಕ್ಸಿಜನ್, ಮತ್ತೆ ಎರಡು ಕಾರ್ಬನ್, ಹೀಗೆ ಬಳುಕುವ ಸರಪಳಿ. ಒಂದು ತುದಿಗೆ ಬಾಕ್ ಎಂಬ ರಕ್ಷಣಾ ಗುಂಪು ಹೊದಿಸಿದ ಅಮೀನ್, ಇನ್ನೊಂದಕ್ಕೆ ಆಮ್ಲ. ಎರಡು ಕೊಂಡಿಯದ್ದು, ಮೂರರದ್ದು, ಐದರದ್ದು... ಎಷ್ಟುದ್ದ ಸರಿ ಎಂದು ಕೇಳಿದರೆ, ಎಲ್ಲ ಮಾಡು, ನೋಡೋಣ ಎನ್ನುವುದೇ ಉತ್ತರ.

ಪೆಗ್‌ನ ಕಾಟ ಅದನ್ನು ಮಾಡಿದವರಿಗೇ ಗೊತ್ತು. ಹರಳಾಗದು, ಜೋನಿಬೆಲ್ಲದಂತೆ ಫ್ಲಾಸ್ಕಿನ ತಳ ಬಿಡದು. ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದಡಿ ಹಿಡಿದರೆ ಖಾಲಿ. ಅಯೋಡಿನ್ ಬಾಟಲಿಗಿಳಿಸಿದರೆ ಬಾಲ ಬಿಟ್ಟ ಕಂದು ಚುಕ್ಕಿ. ಎನ್‌ಎಂಆರ್‌ನಲ್ಲಿ ಪ್ರೋಟಾನ್‌ಗಳೆಲ್ಲ 3.6ರ ಸುತ್ತ ಜಾತ್ರೆ ಸೇರಿರುತ್ತವೆ, ತಲೆ ಎಣಿಸಿ ನಾಲ್ಕೋ ಐದೋ ಎನ್ನಲು ಗುಂಡಿಗೆ ಬೇಕು. ಮೊದಲ ತಿಂಗಳಲ್ಲೇ ಒಂದು ಬ್ಯಾಚ್ ತೊಳೆದು ನೀರಿನ ಪದರ ಚೆಲ್ಲಿಬಿಟ್ಟೆ. ಸರಕೆಲ್ಲ ಅದರಲ್ಲೇ ಕರಗಿತ್ತು. ಮೂರು ದಿನದ ದುಡಿಮೆ ಸಿಂಕಿನ ಪಾಲು. ಅಂದಿನಿಂದ, ಮಾಸ್ ಸ್ಪೆಕ್ಟ್ರಮ್ ನೋಡುವ ತನಕ ನಾನು ಏನನ್ನೂ ಚೆಲ್ಲಿದವನಲ್ಲ.

ನಾರಿಗೆ ಮರ್ಯಾದೆ ತಂದದ್ದು 2017. ಎಂಜೆಡ್1 ತನ್ನ ಎರಡೂ ಪ್ರೋಟೀನ್‌ಗಳನ್ನು ಹಿಡಿದು ಕೂತ ಹರಳಿನ ರಚನೆಯನ್ನು ಡಂಡಿ ವಿಶ್ವವಿದ್ಯಾಲಯದ ಅಲೆಸಿಯೊ ಚುಲ್ಲಿ ಗುಂಪು ಪ್ರಕಟಿಸಿತು. ನೆಟ್ಟಗೆ ಚಾಚಿದ ಹಗ್ಗವನ್ನೇ ನಾವು ಊಹಿಸಿಕೊಂಡಿದ್ದು. ಅಲ್ಲಿ ನಾರು ಮಡಚಿ ಕೂತಿತ್ತು, ಪ್ರೋಟೀನ್‌ಗಳು ಒಂದಕ್ಕೊಂದು ಮೈ ತಾಗಿಸಿಕೊಂಡಿದ್ದವು. ನಮ್ಮ ಹಿರಿಯರು ಆಮೇಲೆ ಗಾದೆ ಎತ್ತಲಿಲ್ಲ.

ಬರಬರುತ್ತ ಆರ್ಡರ್‌ಗಳ ಧಾಟಿಯೇ ಬೇರೆಯಾಯಿತು. ಬಳುಕು ತಗ್ಗಿಸಿ, ಉಂಗುರ ಸೇರಿಸಿ, ಗಿಡ್ಡ ಮಾಡಿ. ಬಾಯಿಂದ ನುಂಗುವ ಔಷಧಕ್ಕೆ ಉದ್ದನೆಯ ಪೆಗ್ ಬಾಲ ಹೊರೆ. ಯಕೃತ್ತಿನ ಕಿಣ್ವಗಳಿಗೂ ಅದು ಸುಲಭದ ತುತ್ತು. ಪೆಗ್ ನಾರುಗಳು ಅಷ್ಟರಲ್ಲಿ ರೆಡಿಮೇಡ್ ಬಾಟಲಿಯಲ್ಲೇ ಸಿಗತೊಡಗಿದ್ದವು. ಎರಡು ಹೂವು ಜೊತೆಯಾಗುತ್ತವೆಯೇ ಎಂದು ಮೊದಲ ಸಲ ಪರೀಕ್ಷಿಸಲು ಇವತ್ತಿಗೂ ನಾನು ಪೆಗ್ಗನ್ನೇ ಎತ್ತಿಕೊಳ್ಳುತ್ತೇನೆ.

ಸ್ತನ ಕ್ಯಾನ್ಸರಿಗೆಂದು ಮೂರನೇ ಹಂತದ ಪರೀಕ್ಷೆಗೆ ಏರಿದ ಪ್ರೊಟ್ಯಾಕ್ ವೆಪ್‌ಡೆಗೆಸ್ಟ್ರಾಂಟ್. ಅದರ ನಾರು ಒಂದು ಪಿಪರಿಡೀನ್, ಒಂದು ಪಿಪರಜೀನ್, ಮಧ್ಯೆ ಒಂದೇ ಒಂದು ಕಾರ್ಬನ್. ಆಕ್ಸಿಜನ್ ಒಂದೂ ಇಲ್ಲ.