ಚಾರ್ಮಾಡಿ ಇಳಿದ ಪುಟ್ಟ ಕಾರು

ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗುವವರು ಕಡಿಮೆ. ಮೂಡಿಗೆರೆ, ಬಣಕಲ್ ದಾಟಿ ಬಂದವರಿಗೆ ಇದು ಘಟ್ಟದ ಮೇಲಿನ ಕೊನೆಯ ಪೇಟೆ; ಧರ್ಮಸ್ಥಳದ ಕಡೆಯಿಂದ ಹತ್ತಿ ಬಂದವರಿಗೆ ಮೊದಲನೆಯದು. ಬಿಸಿ ನೀರುದೋಸೆ, ಹಬೆಯಾಡುವ ಕಾಫಿ, ಹೊರಗೆ ಬಿಡದೆ ಹಿಡಿದ ಮಳೆ. ಹೋಟೆಲಿನ ಬೆಂಚಿನ ಮೇಲೆ ಯಾರು ಕುಳಿತರೂ ಕೇಳುವುದು ಒಂದೇ: ‘ಘಾಟಿ ಹೇಗಿದೆ?’ ಮಂಜು ಕವಿದಿದೆಯೇ, ಮರ ಬಿದ್ದಿದೆಯೇ, ಗುಡ್ಡ ಜರಿದಿದೆಯೇ? ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ: ‘ಬ್ರೇಕು ಹೇಗಿದೆ?’

ತುಮಕೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಮುಂದೆ ಪಶ್ಚಿಮಘಟ್ಟದ ಅಂಚಿಗೆ ಬಂದು ಕೆಳಗೆ ಇಣುಕುತ್ತದೆ. ಒಂದು ಮಗ್ಗುಲಲ್ಲಿ ಬಂಡೆಯಿಂದ ಧುಮುಕುವ ನೀರು, ಇನ್ನೊಂದು ಮಗ್ಗುಲಲ್ಲಿ ಮಂಜು ತುಂಬಿದ ಕಣಿವೆ. 2019ರ ಆಗಸ್ಟ್ ಮಳೆಗೆ ಈ ದಾರಿಯ ಹಲವೆಡೆ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿತ್ತು. ಆದರೂ ಮಲೆನಾಡಿಗೂ ಕರಾವಳಿಗೂ ಚಾರ್ಮಾಡಿಯ ನಂಟು ತಪ್ಪಿದ್ದಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ದೇವರ ಹರಕೆಗೆ, ಮದುವೆಗೆ ಜನ ಇಳಿಯಲೇಬೇಕು, ಹತ್ತಲೇಬೇಕು.

ಹೋಟೆಲಿನ ಮುಂದೆ ನಿಂತ ಗಾಡಿಗಳ ಸಾಲಿನಲ್ಲಿ ಒಂದು ಬಿಳಿ ಮಾರುತಿ 800. 1997ರ ಮಾದರಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದ ಈ ಕಾರು ಕಾಫಿ ಸೀಮೆಯ ಸಣ್ಣ ಬೆಳೆಗಾರರ ಮನೆಯಂಗಳದಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. 796 ಸಿ.ಸಿ.ಯ ಪುಟ್ಟ ಎಂಜಿನ್, 12 ಅಂಗುಲದ ಪುಟ್ಟ ಚಕ್ರ. ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಬ್ರೇಕು. ಕಾರ್ಬ್ಯುರೇಟರ್ ಕಾಲದ ಅನೇಕ 800ಗಳಂತೆ ಇದಕ್ಕೂ ಬ್ರೇಕ್ ಬೂಸ್ಟರ್ ಇಲ್ಲ. ಕಾರಿನ ಯಜಮಾನರು ಬಣಕಲ್ ಆಸುಪಾಸಿನ ಬೆಳೆಗಾರರು. ಮಗಳು ಉಜಿರೆಯಲ್ಲಿ ಓದುತ್ತಾಳೆ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಘಾಟಿ ಇಳಿಯುವುದು ಇದ್ದದ್ದೇ.

ಹಿಂದಿನ ಮಳೆಗಾಲದ ಕೊನೆಗೆ ಇದೇ ಕಾರು ಇವರನ್ನು ಹೆದರಿಸಿತ್ತು. ಪೆಟ್ರೋಲು ಉಳಿಯಲೆಂದು ಗೇರು ತಪ್ಪಿಸಿ, ನ್ಯೂಟ್ರಲ್‌ನಲ್ಲಿ ಕಾರು ಬಿಟ್ಟುಕೊಂಡು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು ಅವರ ಹಳೆಯ ರೂಢಿ. ಹೇರ್‌ಪಿನ್ ತಿರುವುಗಳು ಶುರುವಾದ ಮೇಲೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದಿನ ತಿರುವಿನಲ್ಲಿ ಪೆಡಲು ಹತ್ತಿಯ ಮೂಟೆಯಂತೆ ಮೆತ್ತಗೆ ಒಳಗೆ ಹೋಯಿತು. ಮೇಲಿಂದ ಮೇಲೆ ಒತ್ತಿ, ಹೇಗೋ ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕು ಎಳೆದು, ಗುಡ್ಡದ ಮಗ್ಗುಲಿನ ಚರಂಡಿಗೆ ಕಾರನ್ನು ಒರಗಿಸಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿದ್ದ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಚಕ್ರದಿಂದ ಹೊಗೆ ಬರುತ್ತಿತ್ತು. ಯಜಮಾನರು ನೀರಿನ ಬಾಟಲಿ ಕೈಗೆತ್ತಿಕೊಂಡಾಗ ಹಿಂದಿನಿಂದ ಬಂದ ಜೀಪಿನ ಡ್ರೈವರು ತಡೆದ: ‘ನೀರು ಹಾಕ್ಬೇಡಿ ಮಾರಾಯ್ರೆ, ಡಿಸ್ಕು ಹಾಳಾಗ್ತದೆ. ಅರ್ಧ ಗಂಟೆ ಸುಮ್ನೆ ಬಿಡಿ, ತಣೀಲಿ.’

ಅಂದು ಆದದ್ದೇನು? ನಾಲ್ಕು ಜನ ಕುಳಿತ 800ರ ಒಟ್ಟು ತೂಕ ಸುಮಾರು 900 ಕಿಲೋ. ಅಷ್ಟು ಭಾರ 100 ಮೀಟರ್ ಕೆಳಗಿಳಿಯುವಾಗ, ತಡೆಯುವ ಕೆಲಸವನ್ನೆಲ್ಲ ಬ್ರೇಕೇ ಮಾಡಿದರೆ, ಹುಟ್ಟುವ ಶಾಖ ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಚಾರ್ಮಾಡಿಯ ಇಳಿತವೋ ಹಲವು ನೂರು ಮೀಟರ್. ಅಷ್ಟೂ ಶಾಖವನ್ನು ಅಂಗೈಯಗಲದ ಪ್ಯಾಡುಗಳು, ತಟ್ಟೆಯಷ್ಟಗಲದ ಡಿಸ್ಕುಗಳು ನುಂಗಿಕೊಳ್ಳಬೇಕು. ಪ್ಯಾಡು ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಶಾಖ ಬ್ರೇಕ್ ಆಯಿಲ್‌ಗೆ ದಾಟಿದರೆ ಅದು ಕುದಿದು ಗುಳ್ಳೆಯೇಳುತ್ತದೆ. ಆಯಿಲನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಅಷ್ಟೇ.

ಊರಿಗೆ ಮರಳಿದ ಯಜಮಾನರು ಬ್ರೇಕು ‘ದೊಡ್ಡದು’ ಮಾಡಿಸಲು ತೀರ್ಮಾನಿಸಿಯೇ ಪೇಟೆಯ ಗ್ಯಾರೇಜಿಗೆ ಹೋದರು. ಗುಜರಿ ಕಾರಿನ ಬೂಸ್ಟರು, ದೊಡ್ಡ ಕಾರಿನ ಡಿಸ್ಕು ಹಾಕಿಸಿದರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದರು. ಮೇಸ್ತ್ರಿ ತಲೆ ತುರಿಸಿಕೊಂಡ. ‘ಹಾಕೋಣ ಗೌಡ್ರೇ, ಅದಕ್ಕೇನಂತೆ. ಮೊದ್ಲು ಇರೋ ಬ್ರೇಕು ಎಷ್ಟು ಕೆಲ್ಸ ಮಾಡ್ತಿದೆ ನೋಡೋಣ.’

ಚಕ್ರ ಬಿಚ್ಚಿದಾಗ ಗುಟ್ಟು ಬಯಲಾಯಿತು. ಮಲೆನಾಡಿನ ಥಂಡಿಯಲ್ಲಿ ವಾರಗಟ್ಟಲೆ ನಿಂತ ಕಾರಿನ ಎಡಗಡೆಯ ಕ್ಯಾಲಿಪರು ತುಕ್ಕು ಹಿಡಿದು ಅಂಟಿಕೊಂಡಿತ್ತು. ಹಿಂದಿನ ಡ್ರಮ್ಮೊಂದರಲ್ಲಿ ವೀಲ್ ಸಿಲಿಂಡರು ಸೋರಿ ಶೂಗಳು ಆಯಿಲ್‌ನಲ್ಲಿ ನೆನೆದಿದ್ದವು. ರಬ್ಬರ್ ಹೋಸುಗಳು ಬಿರಿದಿದ್ದವು. ಬ್ರೇಕ್ ಆಯಿಲ್ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಮಿತಿಗಳು 230 ಮತ್ತು 155. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾದ ಆಯಿಲನ್ನು ಯಜಮಾನರು ಬದಲಿಸಿದ ನೆನಪೇ ಇರಲಿಲ್ಲ. ನಾಲ್ಕು ಚಕ್ರದ ಬ್ರೇಕಿನಲ್ಲಿ ನಿಜವಾಗಿ ದುಡಿಯುತ್ತಿದ್ದದ್ದು ಎರಡು!

ಇನ್ನು ದೊಡ್ಡ ಡಿಸ್ಕಿನ ಮಾತು. ಅದು 12 ಅಂಗುಲದ ಚಕ್ರದೊಳಗೆ ಹಿಡಿಸುವುದು ಕಷ್ಟ. ಚಕ್ರ ಬದಲಿಸಿದರೆ ಟಯರು ಬದಲಾಗಬೇಕು. ಡಿಸ್ಕು ಬದಲಾದರೆ ಮಾಸ್ಟರ್ ಸಿಲಿಂಡರು ಹೊಂದಬೇಕು. ಮುಂದಿನ ಮತ್ತು ಹಿಂದಿನ ಬ್ರೇಕಿನ ಪ್ರಮಾಣ ತಪ್ಪಿ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ, ಒದ್ದೆ ತಿರುವಿನಲ್ಲಿ ಕಾರು ಬುಗುರಿಯಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ.

ಬೂಸ್ಟರಿನ ಕಥೆ ಬೇರೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದ ಬಲದಿಂದ ಕಾಲಿನ ಒತ್ತಡವನ್ನು ಹೆಚ್ಚಿಸುವ ದುಂಡನೆಯ ಡಬ್ಬಿ ಅದು. ಕಾಲಿಗೆ ಆಯಾಸ ತಪ್ಪುತ್ತದೆ, ನಿಜ. ಆದರೆ ಅದು ಶಾಖ ಕಡಿಮೆ ಮಾಡದು, ಟಯರಿನ ಹಿಡಿತ ಹೆಚ್ಚಿಸದು. ಮೇಲಾಗಿ, ಬೂಸ್ಟರಿಗೆ ಪಳಗಿದ ಕಾಲಿನವರು ಎಂಜಿನ್ ಆರಿಸಿ ಘಾಟಿ ಇಳಿದರೆ ಮೃತ್ಯುವನ್ನು ಕರೆದಂತೆ. ಒಳಗೆ ಉಳಿದ ನಿರ್ವಾತ ಎರಡು ಮೂರು ಸಲದ ಒತ್ತಿಗೆ ಮುಗಿಯುತ್ತದೆ; ಆಮೇಲೆ ಪೆಡಲು ಕಲ್ಲಾಗುತ್ತದೆ.

ಕೊನೆಗೆ ಆದದ್ದಿಷ್ಟು: ಕ್ಯಾಲಿಪರಿಗೆ ಹೊಸ ಸೀಲು, ಮುಂದೆ ಒಳ್ಳೆಯ ಪ್ಯಾಡು, ಹೊಸ ಡಿಸ್ಕು, ಹಿಂದೆ ವೀಲ್ ಸಿಲಿಂಡರು ಮತ್ತು ಶೂ, ನಾಲ್ಕೂ ಹೋಸು, ಡಾಟ್ 4 ಆಯಿಲ್, ಹೊಸ ಟಯರು. ಬೂಸ್ಟರಿನ ಮಾತು ಅಲ್ಲಿಗೇ ನಿಂತಿತು. ಲೆಕ್ಕ ಚೀಟಿ ಕೊಡುವಾಗ ಮೇಸ್ತ್ರಿ ಸೇರಿಸಿದ: ‘ಇನ್ನೊಂದು ಬ್ರೇಕಿದೆ ಗೌಡ್ರೇ, ಅದಕ್ಕೆ ದುಡ್ಡಿಲ್ಲ. ಎರಡನೇ ಗೇರು.’

ನೀರುದೋಸೆ ಮುಗಿಸಿ ತಂದೆ ಮಗಳು ಕಾರು ಹತ್ತಿದರು. ಅಣ್ಣಪ್ಪಸ್ವಾಮಿ ಗುಡಿಯ ಬಳಿ ಎಲ್ಲರಂತೆ ನಿಲ್ಲಿಸಿ, ಕೈಮುಗಿದು, ಕಾಣಿಕೆ ಹಾಕಿದರು. ಮುಂದಿನ ದಾರಿಗೆ ಎರಡನೇ ಗೇರು. ಕಡಿದಾದ ತಿರುವಿಗೆ ಮೊದಲು ಚುಟುಕಾಗಿ, ಬಲವಾಗಿ ಒಂದು ಬ್ರೇಕು. ಮರುಕ್ಷಣ ಕಾಲು ತೆಗೆದು ಡಿಸ್ಕಿಗೆ ಗಾಳಿಯಾಡಲು ಬಿಡುವು. ಎಂಜಿನ್ ಗುರ್ರೆನ್ನುತ್ತ ಕಾರನ್ನು ಹಿಂದಕ್ಕೆ ಜಗ್ಗಿ ಹಿಡಿದಿತ್ತು. ಹಿಂದೆ ಬಂದವರು ಹಾರ್ನ್ ಹೊಡೆದರು. ಯಜಮಾನರು ಅಂಚಿಗೆ ಸರಿದು ದಾರಿ ಬಿಟ್ಟರು.

ಕೆಳಗೆ ಚಾರ್ಮಾಡಿ ಊರು ಮುಟ್ಟಿದಾಗ ಮಂಜಿರಲಿಲ್ಲ. ಕರಾವಳಿಯ ಸೆಕೆ ಎದುರುಗೊಂಡಿತು. ಯಜಮಾನರು ಇಳಿದು ಮುಂದಿನ ಚಕ್ರದ ಬಳಿ ಬಗ್ಗಿ ಮೂಸಿದರು. ಸುಟ್ಟ ವಾಸನೆಯಿಲ್ಲ, ಒದ್ದೆ ಮಣ್ಣಿನ ವಾಸನೆ ಮಾತ್ರ. ‘ಹೋಗೋಣ ಅಪ್ಪಾ, ಕ್ಲಾಸಿಗೆ ಹೊತ್ತಾಯ್ತು’ ಎಂದಳು ಮಗಳು. ಈ ಸಲ ಅವಳು ಮುಂದಿನ ಸೀಟಿನಲ್ಲಿ ಕುಳಿತಿದ್ದಳು.