ಅಬ್ಬಾ ಹೇಳುತ್ತಿದ್ದ ಜಪಾನ್



ಹೊಸಪೇಟೆಯ ಬಜಾರಿಗೆ ಹೋಗಿ ಬರುವುದಕ್ಕೂ ನೂರೆಂಟು ಲೆಕ್ಕ ಹಾಕುವವರು ನಾವು ಹೆಂಗಸರು. ಅಂಥ ನಾನು ಎರಡು ತಿಂಗಳಿಂದ ಜಪಾನಿಗೆ ನಾಲ್ಕು ದಿನ ಹೋಗಿ ಬರುವ ಲೆಕ್ಕ ಹಾಕುತ್ತಿದ್ದೇನೆ ಎಂದರೆ ನೀವು ನಗಬಹುದು. ನನಗೂ ಮೊದಲು ನಗುವೇ ಬಂತು.

ನನ್ನ ಅಕ್ಕನ ಮಗಳು ಗಂಡನ ಕೆಲಸದ ನಿಮಿತ್ತ ಕೋಬೆ ನಗರದಲ್ಲಿದ್ದಾಳೆ. "ಖಾಲಾ, ನಾನಾ ಹೇಳ್ತಿದ್ದ ಜಪಾನ್ ನೋಡೋಕೆ ನೀವು ಬರ್ಲೇಬೇಕು" ಎಂದು ಫೋನಿನಲ್ಲಿ ಹಠ ಹಿಡಿದಳು. ಆ ಒಂದು ಮಾತಿಗೆ ನಾನು ಸೋತೆ.

ನಮ್ಮೂರು ಪಾಪಿನಾಯಕನಹಳ್ಳಿ. ಗುಡ್ಡವೆಲ್ಲ ಕಬ್ಬಿಣದ ಅದಿರು. ಅಬ್ಬಾ ರೈಲು ವ್ಯಾಗನ್‌ಗಳಿಗೆ ಅದಿರು ತುಂಬುವ ಕೂಲಿ ಮಾಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಬಿಳಿ ಗಡ್ಡ ಕೆಂಪಾಗಿರುತ್ತಿತ್ತು. "ಮೆಹಂದಿ ಹಚ್ಚಿಕೊಂಡು ಬಂದ್ರಾ?" ಎಂದು ಅಮ್ಮಿ ನಗುತ್ತಿದ್ದರು. "ಈ ಮಣ್ಣು ಮದ್ರಾಸಿಗೆ ಹೋಗುತ್ತೆ, ಅಲ್ಲಿಂದ ಹಡಗಿನಲ್ಲಿ ಜಪಾನಿಗೆ ಹೋಗುತ್ತೆ. ಅಲ್ಲಿ ಅದನ್ನ ಕರಗಿಸಿ ಉಕ್ಕು ಮಾಡ್ತಾರೆ" ಎಂದು ಅಬ್ಬಾ ನಮಗೆ ಹೇಳುತ್ತಿದ್ದರು. ಮದ್ರಾಸನ್ನೂ ನೋಡದ ಅವರಿಗೆ ಜಪಾನ್ ಎಂದರೆ ಏನೋ ಅಭಿಮಾನ. ಕೊನೆಯ ವರ್ಷಗಳಲ್ಲಿ ರಾತ್ರಿಯಿಡೀ ಕೆಮ್ಮುತ್ತಿದ್ದರು. 1999ರಲ್ಲಿ ತೀರಿಕೊಂಡರು.

ಜಪಾನ್ ಎಂಬ ಹೆಸರು ಕೇಳಿದರೆ ಅಮ್ಮಿಯ ಮುಖ ಇಂದಿಗೂ ಬಾಡುವುದು ಇದೇ ಕಾರಣಕ್ಕೆ. ವಿಷಯ ತಿಳಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ನಿನ್ನ ಅಬ್ಬಾನ ಉಸಿರು ತಿಂದ ಮಣ್ಣು ಹೋದ ಊರಿಗೆ ನೀನು ಯಾಕೆ ಹೋಗ್ಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ನೆರೆಮನೆಯವರೂ "ಹಜ್ ಆಗಿಲ್ಲ, ಜಪಾನಾ?" ಎಂದು ಚುಚ್ಚಿದರು. ಹಜ್ಜಿನ ಹಣವನ್ನು ನಾವು ಬೇರೆಯಾಗಿಯೇ ಕೂಡಿಡುತ್ತಿದ್ದೇವೆ, ಅದಕ್ಕೆ ಕೈ ಹಾಕಿಲ್ಲ. ಟಿಕೆಟ್ಟಿಗೆ ಬಳಸುವುದು ಚೀಟಿ ಹಣ. ಹಜ್ಜಿನ ಹಣ ಮುಟ್ಟಬೇಕಾಗಿದ್ದರೆ ನಾನೇ ಬೇಡವೆನ್ನುತ್ತಿದ್ದೆ. ಆದರೆ ಅಮ್ಮಿಯ ಮಾತು ಬೇರೆ. ಅವರ ಮನಸ್ಸು ನೋಯಿಸಿ ಎಲ್ಲಿಗೆ ಹೋದರೂ ಅದು ಪ್ರವಾಸವಾದೀತೇ?

ಆದರೂ ತಯಾರಿ ಆರಂಭಿಸಿದೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮೊದಲ ಪಾಠ ಹೆಸರಿನದು. ಶಾಲೆಯ ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ. ಅದನ್ನು ಸರಿಪಡಿಸಿ ಪಾಸ್‌ಪೋರ್ಟ್ ಪಡೆಯುವಷ್ಟರಲ್ಲಿ ಸಾಕಾಯಿತು. ಸಹೋದರಿಯರೇ, ಎಲ್ಲಿಗೂ ಹೋಗದಿದ್ದರೂ ನಿಮ್ಮ ಕಾಗದಗಳಲ್ಲಿ ಹೆಸರು ಒಂದೇ ಆಗಿರಲಿ.

ವೀಸಾ ಅರ್ಜಿಯೊಂದಿಗೆ ಆಹ್ವಾನ ಪತ್ರ ಮತ್ತು ಸಂಬಂಧ ತೋರಿಸುವ ದಾಖಲೆಗಳ ಜೊತೆಗೆ ಇನ್ನೊಂದು ಹಾಳೆಯನ್ನೂ ಜಪಾನಿನವರು ಕೇಳುತ್ತಾರೆ: ಯಾವ ದಿನ ಎಲ್ಲಿರುತ್ತೀರಿ, ಏನು ಮಾಡುತ್ತೀರಿ ಎಂಬ ದಿನಚರಿ. ನಮ್ಮ ಮನೆಯವರೂ ನಾನೂ ಕುಳಿತು ಅದನ್ನು ಹೀಗೆ ಬರೆದೆವು.

ಮೊದಲ ದಿನ, ಸಮುದ್ರದ ನಡುವೆ ಕೃತಕ ದ್ವೀಪದ ಮೇಲೆ ಕಟ್ಟಿ 1994ರಲ್ಲಿ ತೆರೆದ ಕನ್ಸಾಯ್ ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಕೋಬೆಗೆ. ಸಂಜೆ ಬಂದರಿನ ಮೆರಿಕೆನ್ ಪಾರ್ಕ್. ಎರಡನೇ ದಿನ ಶುಕ್ರವಾರವೇ ಬರುವಂತೆ ನೋಡಿಕೊಂಡೆವು, ಕೋಬೆ ಮಸೀದಿಯಲ್ಲಿ ಜುಮಾ. ಮೂರನೇ ದಿನ ಭೂಕಂಪದ ಸ್ಮಾರಕ ಸಂಗ್ರಹಾಲಯ ಮತ್ತು ಅಕಾಶಿ ಸೇತುವೆ. ನಾಲ್ಕನೇ ದಿನ ರೈಲಿನಲ್ಲಿ ಅರ್ಧ ಗಂಟೆ ದೂರದ ಒಸಾಕಾ ಕೋಟೆ. ಅದರ ಈಗಿನ ಗೋಪುರ 1931ರಲ್ಲಿ ಕಾಂಕ್ರೀಟಿನಿಂದ ಮರಳಿ ಕಟ್ಟಿದ್ದು.

ಹೋಗುವುದು ನವೆಂಬರಿನಲ್ಲಿ. ಆಗ ಅಲ್ಲಿ ಸಂಜೆ ಐದಕ್ಕೆ ಮುನ್ನವೇ ಸೂರ್ಯ ಮುಳುಗುತ್ತಾನೆ. ಅಸರ್ ಮತ್ತು ಮಗ್ರಿಬ್ ನಮಾಝಿನ ಹೊತ್ತು ನೋಡಿಕೊಂಡೇ ತಿರುಗಾಟ. ಖಿಬ್ಲಾ ಮಾತ್ರ ನಮ್ಮೂರಿನಂತೆ ಅಲ್ಲೂ ಪಶ್ಚಿಮದ ಕಡೆಗೇ. ಊಟದಲ್ಲಿ ಎಚ್ಚರ ಬೇಕು. ನೂಡಲ್ಸಿನ ಸಾರಿಗೆ ಹಂದಿಯ ಮೂಳೆ ಬೇಯಿಸಿರುತ್ತಾರೆ. ಪಲ್ಯದಂತೆ ಕಾಣುವುದಕ್ಕೂ ಮಿರಿನ್ ಎಂಬ ಅಕ್ಕಿಯ ಮದ್ಯ ಬೆರೆಸುವುದುಂಟು. ಮಸೀದಿಯ ಸುತ್ತಮುತ್ತ ಹಲಾಲ್ ಅಂಗಡಿಗಳಿವೆ. ಆದರೂ ನಾನು ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳುತ್ತೇನೆ.

ಈ ಹಾಳೆಯನ್ನು ಒಂದು ರಾತ್ರಿ ಅಮ್ಮಿಗೆ ಓದಿ ಹೇಳಿದೆ. ಮೊದಲು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಕೋಬೆಯ ಮಸೀದಿ ಜಪಾನಿನ ಮೊದಲ ಮಸೀದಿ, 1935ರಲ್ಲಿ ತೆರೆದದ್ದು, ಅಲ್ಲಿ ವ್ಯಾಪಾರಕ್ಕೆ ನೆಲೆಸಿದ್ದ ನಮ್ಮ ದೇಶದ ಮುಸ್ಲಿಮರೂ ವಲಸೆ ಬಂದ ತಾತಾರರೂ ಚಂದಾ ಕೂಡಿಸಿ ಕಟ್ಟಿಸಿದ್ದು ಎಂದೆ. 1945ರ ಬಾಂಬ್ ದಾಳಿಯಲ್ಲಿ ನಗರ ಸುಟ್ಟುಹೋದರೂ ಮಸೀದಿ ಉಳಿಯಿತು ಎಂದೆ. ಅಮ್ಮಿ ಈ ಕಡೆ ಹೊರಳಿದರು.

1995ರ ಜನವರಿ 17ರ ಕಥೆ ಹೇಳಿದೆ. ನಸುಕಿನ 5 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿ ಆರು ಸಾವಿರದ ನಾನೂರಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಜನ ಮಲಗಿದ್ದಲ್ಲೇ ಮನೆಯಡಿ ಸಿಕ್ಕಿಕೊಂಡರು. ಮಸೀದಿ ಆಗಲೂ ನಿಂತಿತ್ತು. ಕಟ್ಟುತ್ತಿದ್ದ ಅಕಾಶಿ ಸೇತುವೆಯ ಎರಡು ಗೋಪುರಗಳು ಆ ಕಂಪನಕ್ಕೆ ಒಂದು ಮೀಟರಿನಷ್ಟು ದೂರ ಸರಿದವು. 1990 ಮೀಟರ್ ಇರಬೇಕಿದ್ದ ನಡುವಿನ ಭಾಗ 1991 ಮೀಟರ್ ಆಯಿತು. ಆದರೂ 1998ರಲ್ಲಿ ಕಟ್ಟಿ ಮುಗಿಸಿದರು.

"ಆ ಸೇತುವೆ ಉಕ್ಕಿನದಾ?" ಎಂದು ಅಮ್ಮಿ ಕೇಳಿದರು.

"ಹೌದು ಅಮ್ಮಿ."

ಬಹಳ ಹೊತ್ತು ಸುಮ್ಮನಿದ್ದರು. "ಮಲಗಿದ ಮಕ್ಕಳೂ ಸತ್ರಾ?" ಎಂದು ಕೇಳಿದರು. ನಾನು ಹೌದೆಂದೆ. "ಅವರೂ ಪಾಪ ನಮ್ಮಂಥವರೇ" ಎಂದರು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅಮ್ಮಿ ಜಪಾನಿನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಕರಗಲು ಅಲ್ಲಿಯ ತಾಯಂದಿರ ದುಃಖ ಬೇಕಾಯಿತು. ಸಿಟ್ಟು ನಿಜಕ್ಕೂ ಅಲ್ಲಿಯ ಜನರ ಮೇಲಿನದಾಗಿರಲಿಲ್ಲ. ಮೂಗಿಗೆ ಕಟ್ಟಲು ಒಂದು ಬಟ್ಟೆಯನ್ನೂ ಕೊಡದೆ ದುಡಿಸಿಕೊಂಡವರು ಇಲ್ಲಿಯವರೇ ಎಂಬುದು ಅಮ್ಮಿಗೂ ಗೊತ್ತು.

ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ನಾನು ಚಹಾ ಇಡುತ್ತಿದ್ದಾಗ ಅಮ್ಮಿ ಅಡುಗೆಮನೆಯ ಬಾಗಿಲಿಗೆ ಬಂದರು. "ಆ ಮಸೀದಿಯಲ್ಲಿ ಹೆಂಗಸರಿಗೆ ಜಾಗ ಇದೆಯಾ?" ಎಂದರು. ಇದೆ ಎಂದೆ.

"ಹಾಗಾದ್ರೆ ಹೋಗಿ ಬಾ. ಅಲ್ಲಿ ಕೂತು ನಿನ್ನ ಅಬ್ಬಾನಿಗೆ ದುಆ ಮಾಡು. ಅವರ ಮಣ್ಣು ಮುಟ್ಟಿದ ಕಡೆ ಅವರ ಮಗಳ ಹಣೆಯೂ ಒಮ್ಮೆ ಮುಟ್ಟಲಿ."

ವೀಸಾ ಹಾಳೆಯ ಎರಡನೇ ದಿನದ ಮುಂದೆ ನಾನು 'ಪ್ರೇಕ್ಷಣೀಯ ಸ್ಥಳಗಳ ವೀಕ್ಷಣೆ' ಎಂದೇ ಬರೆದಿದ್ದೇನೆ. ಅರ್ಜಿಗೆ ಅಷ್ಟು ಸಾಕು. ಉಳಿದದ್ದು ಅಲ್ಲಾಹನಿಗೆ ಗೊತ್ತು, ಅಮ್ಮಿಗೆ ಗೊತ್ತು, ಈಗ ನಿಮಗೂ ಗೊತ್ತು. ನಮಗಾಗಿ ದುಆ ಮಾಡಿ.