ಮಣ್ಣಿನ ಅಜ್ಜ

ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಮಣ್ಣಿನ ಪಾತ್ರೆಗಳಿಗೆ ಹೆಸರುಗಳು ಹಲವು: ಗಡಿಗೆ, ಹರವಿ, ಕೊಡ, ಹಣತೆ. ಇವುಗಳಲ್ಲಿ ಯಾವುದಕ್ಕೂ ಕಣ್ಣುಮೂಗುಗಳಿರಲಿಲ್ಲ. ಮುಖವುಳ್ಳ ಪಾತ್ರೆಯಿಂದ ಕುಡಿಯುವ ರೂಢಿಯನ್ನು ನಾವು ದಂಪತಿಗಳು ಕಂಡದ್ದು ಎಪ್ಪತ್ತು ದಾಟಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋದಾಗ. ಅಂತಹ ಬಟ್ಟಲನ್ನು ಅಲ್ಲಿ ‘ಟಿಕಿ ಮಗ್’ ಎನ್ನುತ್ತಾರೆ. ಹದಿನಾಲ್ಕರ ಮೊಮ್ಮಗಳು ಅವರ ಬಡಾವಣೆಯ ಕುಂಬಾರಿಕೆ ಕಮ್ಮಟದಲ್ಲಿ ಅಂಥದೊಂದನ್ನು ಮಾಡಲು ಹೊರಟಿದ್ದಳು. ಟ್ಯಾರೋ ಎಂಬ ಚಿತ್ರದೆಲೆಗಳ ಕಟ್ಟಿನಿಂದ ಒಂದು ಎಲೆಯನ್ನು ಮಾದರಿಗಾಗಿ ಆರಿಸಿಕೊಂಡಿದ್ದಳು. ಕಮ್ಮಟದಲ್ಲಿ ವಯಸ್ಸಿನ ನಿರ್ಬಂಧವಿರಲಿಲ್ಲವಾಗಿ ನಾವೂ ಮಣ್ಣಿಗೆ ಕೈಹಾಕಿದೆವು.

‘ಟಿಕಿ’ ಎಂಬುದು ಶಾಂತಸಾಗರದ ದ್ವೀಪಗಳ ಪಾಲಿನೇಷ್ಯನ್ ಜನರ ಮಾತು. ನ್ಯೂಜಿಲೆಂಡಿನ ಮಾವೋರಿ ಜನರ ಕಥೆಗಳಲ್ಲಿ ಅದು ಆದಿಮಾನವನ ಹೆಸರು. ಮರದಲ್ಲಿಯೂ ಕಲ್ಲಿನಲ್ಲಿಯೂ ಕೆತ್ತಿದ ಮನುಷ್ಯಾಕೃತಿಗೂ ಅದೇ ಹೆಸರು. 1933ರಲ್ಲಿ ಅಮೆರಿಕದ ಪಾನನಿಷೇಧ ರದ್ದಾದ ಬಳಿಕ ಕ್ಯಾಲಿಫೋರ್ನಿಯಾದ ಕೆಲವು ಪಾನಗೃಹಗಳು ಆ ದ್ವೀಪಗಳ ಸೊಬಗನ್ನು ಅಲಂಕಾರವಾಗಿ ತಂದುಕೊಂಡವು. ಎರಡನೆಯ ಮಹಾಯುದ್ಧದಲ್ಲಿ ಆ ಕಡಲಿಗೆ ಹೋಗಿಬಂದ ಸೈನಿಕರಿಂದ ಈ ಮೋಹ ಇನ್ನಷ್ಟು ಹಬ್ಬಿತು. 1950ರ ದಶಕದ ಹೊತ್ತಿಗೆ ಒಂದು ಜನಾಂಗದ ಹಿರಿಯರ ಮುಖವು ಇನ್ನೊಂದು ಜನಾಂಗದ ಮದ್ಯದ ಬಟ್ಟಲಾಗಿತ್ತು.

ಟ್ಯಾರೋ ಎಲೆಗಳೂ ಹೀಗೆಯೇ ಊರು ಬಿಟ್ಟು ಬಂದವು. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಅವು ಆಟದ ಎಲೆಗಳು; ಅವುಗಳಿಂದ ಭವಿಷ್ಯ ನುಡಿಯುವುದು 18ನೆಯ ಶತಮಾನದ ಫ್ರಾನ್ಸಿನಲ್ಲಿ ರೂಢಿಗೆ ಬಂದಿತು. ಕಟ್ಟಿನಲ್ಲಿ ಒಟ್ಟು 78 ಎಲೆಗಳು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಚಿತ್ರಗಳನ್ನು ಲಂಡನ್ನಿನಲ್ಲಿ 1909ರಲ್ಲಿ ಹೊರಬಂದ ಕಟ್ಟಿಗಾಗಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದರು. ಮೊಮ್ಮಗಳು ಆರಿಸಿದ್ದು 9ರ ಸಂಖ್ಯೆಯುಳ್ಳ ‘ಹರ್ಮಿಟ್’ ಎಂಬ ಎಲೆ. ಹಿಮದ ಶಿಖರದ ಮೇಲೆ ಬೂದುಬಣ್ಣದ ನಿಲುವಂಗಿ ತೊಟ್ಟ, ಗಡ್ಡದ ಮುದುಕ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಂದೀಲು, ಕಂದೀಲಿನೊಳಗೆ ಆರು ಮೂಲೆಯ ನಕ್ಷತ್ರ. ಇಟಲಿಯ ಹಳೆಯ ಕಾಲದಲ್ಲಿ ಈತನನ್ನು ಬರಿಯ ‘ಮುದುಕ’ ಎಂದೇ ಕರೆದದ್ದುಂಟು. ಆಗ ಕೈಯಲ್ಲಿದ್ದುದು ಕಂದೀಲಲ್ಲ, ಮರಳುಗಡಿಯಾರ. ಕಾಲವನ್ನು ಅಳೆಯುತ್ತಿದ್ದವನು ಮುಂದೆ ದೀಪ ಹಿಡಿದನು. ನಿವೃತ್ತ ಶಿಕ್ಷಕರಾದ ನಮಗೆ ಈ ಬಡ್ತಿ ಹಿತವೆನಿಸಿತು.

ಕೆಲಸಕ್ಕೆ ಮೊದಲೇ ಹುಡುಗಿ ಒಂದು ಸಂದೇಹವನ್ನು ಎತ್ತಿದಳು. ಅವಳ ಗೆಳತಿಯ ಮನೆಯವರು ಹವಾಯಿ ಮೂಲದವರು. ತಮ್ಮ ಹಿರಿಯರ ಮುಖವನ್ನು ಬಟ್ಟಲು ಮಾಡುವುದು ಮನಸ್ಸಿಗೆ ನೋವೆಂದು ಆ ಗೆಳತಿ ಹೇಳಿದ್ದಳಂತೆ. “ಅಜ್ಜಾ, ನಮ್ಮ ಜಗಲಿ ಮ್ಯಾಲಿನ ದೇವರ ಮುಖಾ ಯಾರರೆ ಕಪ್ ಮಾಡಿದ್ರ ನಿಮಗ ಹೆಂಗ ಅನಸ್ತದ?” ಎಂದು ಕೇಳಿದಳು. ಗಡಿಯಲ್ಲಿ ಬಾಳಿದವರಿಗೆ ಈ ಪ್ರಶ್ನೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ, ನೆರೆಯವರಿಂದ ಪಡೆಯುತ್ತ ಅವರಿಗೆ ಕೊಡುತ್ತ ನಾವು ಬದುಕಿದ್ದೇವೆ. ಪಡೆದ ವಸ್ತುವಿನ ತೌರುಮನೆಯನ್ನು ಮರೆಯಬಾರದೆಂಬುದನ್ನೂ ಬಲ್ಲೆವು. ಆದುದರಿಂದ ಮೂವರೂ ಕೂಡಿ ನಿಶ್ಚಯಿಸಿದೆವು: ದ್ವೀಪದವರ ಯಾವ ಮುಖವನ್ನೂ ನಕಲು ಮಾಡಬಾರದು. ಇಡೀ ದೇಹವೇ ಬಟ್ಟಲಾಗುವ ಗುಂಡು ಗಾತ್ರವೊಂದನ್ನು ಪಡೆಯಬೇಕು. ಮುಖ ನಮ್ಮ ಮನೆಯದೇ ಇರಲಿ. ಮುದುಕನ ಮಾದರಿಯನ್ನು ಹೊರಗೆ ಹುಡುಕಬೇಕಾಗಲಿಲ್ಲ.

ಮೊಮ್ಮಗಳ ‘ಆಯಿ’, ಎಂದರೆ ನಮ್ಮ ಮನೆಯವರು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ ಆಷಾಢದ ಮಂಗಳವಾರಗಳಿಗೆ ಗುಳ್ಳವ್ವನನ್ನೂ ಮಾಡುತ್ತ ಬೆಳೆದವರು. ಮಣ್ಣು ನಾದುವ ಕೆಲಸ ಅವರದಾಯಿತು. ನಾದಿದ ಮಣ್ಣನ್ನು ಹೋಳಿಗೆಯಂತೆ ಲಟ್ಟಿಸಿ, ಸುಮಾರು 6 ಮಿಲಿಮೀಟರ್ ದಪ್ಪದ ಹಾಳೆ ಮಾಡಿ, ಕಾಗದ ಸುತ್ತಿದ ರಟ್ಟಿನ ಕೊಳವೆಗೆ ಹೊದಿಸಿದೆವು. ಕೂಡುವ ಅಂಚುಗಳನ್ನು ಗೀರಿ, ಕೆಸರು ಸವರಿ, ಒತ್ತಿ ಬೆಸೆದು, ತಳ ಕೂಡಿಸಿದೆವು. ಆ ಮಣ್ಣು ಒಣಗಿ ಬೇಯುವಾಗ ನೂರಕ್ಕೆ ಸುಮಾರು 12ರಷ್ಟು ಕುಗ್ಗುವುದರಿಂದ, 15 ಸೆಂಟಿಮೀಟರ್ ಬಟ್ಟಲಿಗೆ 17 ಸೆಂಟಿಮೀಟರ್ ಎತ್ತರ ಕಟ್ಟಬೇಕು. ಮೂಗು, ಹುಬ್ಬು, ಗಡ್ಡಗಳನ್ನು ಮೇಲೆ ಅಂಟಿಸಿದೆವು. ಬಿಡಿಯಾಗಿ ನಿಲ್ಲಿಸಿದ ಕೋಲು ಮುರಿದೀತೆಂದು ಅದನ್ನು ಮೈಗೆ ಹತ್ತಿಸಿಯೇ ಉಬ್ಬುಚಿತ್ರವಾಗಿ ಮೂಡಿಸಿದೆವು. ಕಂದೀಲಿನ ನಕ್ಷತ್ರವನ್ನು ಆರಪಾರ ಕೊರೆದರೆ ಬೆಳಕು ಬರುವುದೆಂದು ಹುಡುಗಿಯ ಆಸೆ. “ಬೆಳಕ ಒಳಗ ಬರ್ತದ, ಮಜ್ಜಿಗಿ ಹೊರಗ ಹೋಗ್ತದ,” ಎಂದರು ಆಯಿ. ನಕ್ಷತ್ರವನ್ನು ಗೆರೆಯಾಗಿ ಮಾತ್ರ ಕೊರೆದದ್ದಾಯಿತು.

ಮಣ್ಣು ತೊಗಲಿನ ಹದಕ್ಕೆ ಬಂದಾಗ ತಳದಲ್ಲಿ ಹೆಸರು ಬರೆಯಬೇಕು. ‘ಹರ್ಮಿಟ್’ಗೆ ಕನ್ನಡವೇನೆಂದು ಮೊಮ್ಮಗಳು ಕೇಳಿದಳು. ವಿರಕ್ತ, ಏಕಾಂತವಾಸಿ ಎಂಬ ಪದಗಳು ನಮ್ಮ ನಾಲಗೆಗೆ ಬಂದವು. ಅವಳಿಗೆ ಎರಡೂ ಉದ್ದವೆನಿಸಿದವು. ಆಗ ನಮ್ಮ ಸೀಮೆಯ ಮಾತೇ ನೆರವಿಗೆ ಬಂದಿತು. ನಮ್ಮಲ್ಲಿ ಮಠದ ಸ್ವಾಮಿಗಳೂ ಅಜ್ಜ, ತಂದೆತಾಯಿಗಳ ತಂದೆಯೂ ಅಜ್ಜ, ದಾರಿಯಲ್ಲಿ ಹೋಗುವ ಮುದುಕನೂ ಅಜ್ಜ. ಇಟಲಿಯ ಮುದುಕ, ಲಂಡನ್ನಿನ ಏಕಾಂತವಾಸಿ, ಮನೆಯ ಮಾದರಿ, ಮೂವರೂ ಒಂದೇ ಶಬ್ದದಲ್ಲಿ ಹಿಡಿಸಿದರು. ಕನ್ನಡ ಬರವಣಿಗೆಯ ಅಭ್ಯಾಸವಿಲ್ಲದ ಹುಡುಗಿ ಕಡ್ಡಿಯಿಂದ ‘ಅಜ’ ಎಂದು ಕೊರೆದಳು. ಒತ್ತು ಬಿಟ್ಟರೆ ಅಜ್ಜ ಆಡಾಗುವನೆಂದು ವಿವರಿಸಿದೆವು. ಅವಳು ಬಹಳ ಹೊತ್ತು ನಕ್ಕಳು. ಅನಂತರ ನಾಲಗೆ ಕಚ್ಚಿಕೊಂಡು ‘ಜ’ದ ಒತ್ತನ್ನು ನಿಧಾನವಾಗಿ ಬರೆದಳು. ಅವಳು ಕನ್ನಡದ ಒತ್ತಕ್ಷರ ಬರೆದದ್ದನ್ನು ನಾವು ಕಂಡದ್ದು ಅದೇ ಮೊದಲು.

ಪ್ಲಾಸ್ಟಿಕ್ ಹೊದಿಸಿ ಒಂದು ವಾರ ನಿಧಾನವಾಗಿ ಒಣಗಿಸಿದ ಮೇಲೆ ಬಟ್ಟಲು ಆವಿಗೆಗೆ ಹೋಯಿತು. ನಮ್ಮ ಕುಂಬಾರರ ಆವಿಗೆ ಹುಲ್ಲು ಕುಳ್ಳುಗಳಿಂದ ಉರಿದರೆ ಅಲ್ಲಿಯದು ವಿದ್ಯುತ್ತಿನದು. ಮೊದಲ ಸುಡುವಿಕೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಬಳಿಕ ಕಬ್ಬಿಣದ ಕಂದು ಬಣ್ಣವನ್ನು ಬಳಿದು ಒರೆಸಿದೆವು. ಅದು ಗಡ್ಡದ ಗೀರುಗಳಲ್ಲಿ ಉಳಿಯಿತು. ಒಳಹೊರಗೆ ಗಾಜಿನಂತಹ ಲೇಪ ಕೊಟ್ಟು, ಹಲಗೆಗೆ ಅಂಟದಂತೆ ತಳವನ್ನು ಒರೆಸಿ, ಸುಮಾರು 1220 ಡಿಗ್ರಿಯಲ್ಲಿ ಮತ್ತೆ ಸುಟ್ಟರು. ಲೇಪವಿಲ್ಲದ ಆ ತಳದಲ್ಲಿ ಹೆಸರು ಸ್ಪಷ್ಟವಾಗಿ ಉಳಿದುಬಂದಿತು.

ಅದನ್ನು ಮೊದಲು ತೋರಿಸಿದ್ದು ಹವಾಯಿಯ ಗೆಳತಿಗೆ. ಇದು ಯಾರ ಮುಖವೆಂದು ಆಕೆ ಕೇಳಿದಾಗ ಮೊಮ್ಮಗಳು ಬಟ್ಟಲನ್ನು ಬೋರಲು ಮಾಡಿ, ಎರಡು ಅಕ್ಷರಗಳ ಮೇಲೆ ಬೆರಳಿಟ್ಟು ಓದಿ ಹೇಳಿದಳು. ಗೆಳತಿಯೂ ಆ ಪದವನ್ನು ನುಡಿದು ನೋಡಿದಳು. ನಮ್ಮ ಗಡಿನಾಡಿನ ಸಭೆಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಉಪಾಯವೇನೆಂಬ ಚರ್ಚೆ ಮುಗಿಯುವುದೇ ಇಲ್ಲ. ನಮಗೆ ತೋರುವುದಿಷ್ಟು: ಮಕ್ಕಳು ಕೈಯಾರೆ ಮಾಡಿದ ವಸ್ತುವಿಗೆ ಹೆಸರಿಡಬೇಕಾದಾಗ ಕನ್ನಡದ ಪದವೊಂದನ್ನು ಸಿದ್ಧವಾಗಿಟ್ಟುಕೊಂಡು ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು.